ಲೀನ್ ನಿರ್ಮಾಣ

ಲೀನ್ ನಿರ್ಮಾಣ ಎಂಬುದು ಕಟ್ಟಡ, ರಸ್ತೆ, ಸೇತುವೆ ಮುಂತಾದ ಕಾಮಗಾರಿಗಳಲ್ಲಿ ಸಮಯ, ಸಾಮಗ್ರಿ ಮತ್ತು ಶ್ರಮದ ಪೋಲನ್ನು ತಗ್ಗಿಸಿ, ಕೆಲಸವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ತಡೆಯಿಲ್ಲದೆ ಸಾಗುವಂತೆ ಮಾಡುವ ನಿರ್ವಹಣಾ ಪದ್ಧತಿ. ಜಪಾನಿನ ಟೊಯೊಟಾ ಕಾರು ಕಾರ್ಖಾನೆಗಳಲ್ಲಿ ರೂಪುಗೊಂಡ ಉತ್ಪಾದನಾ ಕ್ರಮವು ಇದರ ಮೂಲ. ನಿರ್ಮಾಣ ಕ್ಷೇತ್ರಕ್ಕೆ ಇದು 1990ರ ದಶಕದಲ್ಲಿ ಪ್ರವೇಶಿಸಿತು. ಪದ್ಧತಿಯ ಸಾಮಾನ್ಯ ತತ್ತ್ವಗಳೊಂದಿಗೆ, ಅವು ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಕಟ್ಟಡ ಕೆಲಸಗಳಿಗೆ ಹೇಗೆ ಅನ್ವಯಿಸುತ್ತವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಸರು

ಇಂಗ್ಲಿಷಿನ ‘ಲೀನ್’ ಪದಕ್ಕೆ ಕೊಬ್ಬಿಲ್ಲದ, ತೆಳುವಾದ ಎಂಬ ಅರ್ಥವಿದೆ. ಕನ್ನಡದಲ್ಲಿ ಬಳಕೆಯಲ್ಲಿರುವ ‘ಲೀನ’ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಟ್ಟಡ ಕೆಲಸಗಾರರಿಗೆ ‘ಲೀನ್ ಮಿಕ್ಸ್’ ಎಂದರೆ ಪಾಯದ ತಳಕ್ಕೆ ಹಾಕುವ, ಸಿಮೆಂಟಿನ ಪ್ರಮಾಣ ಕಡಿಮೆ ಇರುವ ಕಾಂಕ್ರೀಟು. ಆದ್ದರಿಂದ ಲೀನ್ ನಿರ್ಮಾಣವೆಂದರೆ ಸಿಮೆಂಟು ಉಳಿಸಿ ಕಟ್ಟುವುದು ಎಂಬ ತಪ್ಪು ತಿಳಿವಳಿಕೆಗೆ ಎಡೆಯಿದೆ. ಈ ಪದ್ಧತಿಯು ಸಾಮಗ್ರಿಯ ಗುಣಮಟ್ಟವನ್ನಾಗಲಿ ಕಟ್ಟಡದ ಬಲವನ್ನಾಗಲಿ ಕುಗ್ಗಿಸಲು ಹೇಳುವುದಿಲ್ಲ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಟೊಯೊಟಾ ಸಂಸ್ಥೆಯ ಎಂಜಿನಿಯರ್ ತೈಇಚಿ ಓನೊ ಮತ್ತು ಸಂಗಡಿಗರು, ಬೇಕಾದಾಗ ಬೇಕಾದಷ್ಟನ್ನು ಮಾತ್ರ ತಯಾರಿಸುವ ಕ್ರಮವನ್ನು ಬೆಳೆಸಿದರು. ಇದನ್ನು ‘ಲೀನ್’ ಎಂದು ಮೊದಲು ಕರೆದವರು ಜಾನ್ ಕ್ರಾಫ್ಚಿಕ್, 1988ರಲ್ಲಿ. 1990ರಲ್ಲಿ ವೊಮ್ಯಾಕ್, ಜೋನ್ಸ್ ಮತ್ತು ರೂಸ್ ಬರೆದ ಗ್ರಂಥದಿಂದ ಹೆಸರು ಜಗತ್ತಿಗೆ ಪರಿಚಿತವಾಯಿತು. ಕರ್ನಾಟಕದಲ್ಲಿ ಈ ಕ್ರಮದ ಮುಖ್ಯ ನೆಲೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ. ಈ ಸಂಸ್ಥೆ ಸ್ಥಾಪನೆಯಾದದ್ದು 1997ರಲ್ಲಿ.

ಕಾರ್ಖಾನೆಯಲ್ಲಿ ವಸ್ತು ಚಲಿಸುತ್ತದೆ, ಕೆಲಸಗಾರ ತನ್ನ ಜಾಗದಲ್ಲಿ ನಿಂತಿರುತ್ತಾನೆ. ಕಟ್ಟಡದಲ್ಲಿ ಇದು ತಿರುಗುಮುರುಗು: ಮನೆ ನಿಂತಲ್ಲೇ ಇರುತ್ತದೆ, ಮೇಸ್ತ್ರಿ, ಬಾರ್ ಬೆಂಡರ್, ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಒಬ್ಬರ ಹಿಂದೆ ಒಬ್ಬರು ಬಂದು ಹೋಗುತ್ತಾರೆ. ಪ್ರತಿ ಕಟ್ಟಡದ ನಿವೇಶನ, ನಕ್ಷೆ ಮತ್ತು ತಂಡ ಬೇರೆ ಬೇರೆ. ಹೀಗಿದ್ದರೂ ಕಾರ್ಖಾನೆಯ ಪಾಠ ಇಲ್ಲಿಗೆ ಒಗ್ಗುತ್ತದೆ ಎಂದು ವಾದಿಸಿದವರು ಫಿನ್ಲೆಂಡಿನ ಲೌರಿ ಕೊಸ್ಕೆಲಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಅವರು ಸಿದ್ಧಪಡಿಸಿದ ವರದಿಯ ಪ್ರಕಾರ, ನಿರ್ಮಾಣ ನಿರ್ವಹಣೆಯು ಗೋಡೆ ಕಟ್ಟುವುದು, ಕಾಂಕ್ರೀಟು ಹಾಕುವುದು ಮುಂತಾದ ಕ್ರಿಯೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು, ಅವುಗಳ ನಡುವಿನ ಸಾಗಣೆ, ಕಾಯುವಿಕೆ ಮತ್ತು ತಪಾಸಣೆಯನ್ನು ಕಡೆಗಣಿಸುತ್ತದೆ. 1993ರಲ್ಲಿ ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಸಂಶೋಧಕರ ಅಂತರರಾಷ್ಟ್ರೀಯ ಗುಂಪು ಮೊದಲ ಬಾರಿಗೆ ಸೇರಿತು. 1997ರಲ್ಲಿ ಗ್ಲೆನ್ ಬ್ಯಾಲರ್ಡ್ ಮತ್ತು ಗ್ರೆಗ್ ಹೋವೆಲ್ ಅಮೆರಿಕದಲ್ಲಿ ಲೀನ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಎಸ್ಪೂವಿನಲ್ಲಿ ಆರಂಭವಾದ ಗುಂಪಿನ ವಾರ್ಷಿಕ ಸಮ್ಮೇಳನವು 2018ರಲ್ಲಿ ಚೆನ್ನೈನಲ್ಲಿ ನಡೆಯಿತು.

ಪೋಲಿನ ಬಗೆಗಳು

ಓನೊ ಏಳು ಬಗೆಯ ಪೋಲುಗಳನ್ನು ಗುರುತಿಸಿದ್ದಾರೆ: ಅತಿ ಉತ್ಪಾದನೆ, ಕಾಯುವಿಕೆ, ಅನಗತ್ಯ ಸಾಗಣೆ, ಅನಗತ್ಯ ಸಂಸ್ಕರಣೆ, ಮಿತಿಮೀರಿದ ದಾಸ್ತಾನು, ಅನಗತ್ಯ ಓಡಾಟ ಮತ್ತು ದೋಷಗಳು. ಕಾರ್ಖಾನೆಯಲ್ಲಿ ಅತಿ ಉತ್ಪಾದನೆಯೇ ದೊಡ್ಡ ದೋಷವೆಂದು ಅವರು ಹೇಳಿದರೂ, ಕಟ್ಟಡ ಕೆಲಸದಲ್ಲಿ ಹೆಚ್ಚು ಕಾಡುವುದು ಕಾಯುವಿಕೆ ಮತ್ತು ಮಾಡಿದ್ದನ್ನೇ ಮತ್ತೆ ಮಾಡುವುದು.

ತಾರಸಿಗೆ ಕಾಂಕ್ರೀಟು ಹಾಕುವ ಕೆಲಸ, ಅಂದರೆ ಆಡುಮಾತಿನ ‘ಮೋಲ್ಡ್’, ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಸೆಂಟ್ರಿಂಗ್ ಹಲಗೆಗಳನ್ನು ಕೂರಿಸಬೇಕು, ಅದರ ಮೇಲೆ ಕಬ್ಬಿಣ ಕಟ್ಟಬೇಕು, ಕಬ್ಬಿಣದ ನಡುವೆ ವಿದ್ಯುತ್ ಪೈಪುಗಳನ್ನು ಎಳೆಯಬೇಕು, ಎಂಜಿನಿಯರ್ ಪರಿಶೀಲಿಸಬೇಕು, ಆಮೇಲೆ ಕಾಂಕ್ರೀಟು. ಎಲೆಕ್ಟ್ರಿಷಿಯನ್ ಒಂದು ದಿನ ತಡವಾಗಿ ಬಂದರೆ ಕಾಂಕ್ರೀಟಿನ ಇಡೀ ತಂಡ ಮತ್ತು ಬಾಡಿಗೆಗೆ ತಂದ ಮಿಕ್ಸರ್ ಯಂತ್ರ ಕಾಯುತ್ತ ನಿಲ್ಲುತ್ತವೆ. ಅವನಿಗಾಗಿ ಕಾಯದೆ ಕಾಂಕ್ರೀಟು ಹಾಕಿದರೆ ಮುಂದೆ ಗಟ್ಟಿಯಾದ ತಾರಸಿಯನ್ನು ಕೊರೆಯಬೇಕಾಗುತ್ತದೆ. ಎರಡನೆಯದು ವೇಗವಾಗಿ ಕಂಡರೂ ಹೆಚ್ಚು ದುಬಾರಿ. ಕೊರೆಯುವಾಗ ಕಬ್ಬಿಣಕ್ಕೆ ಪೆಟ್ಟು ಬಿದ್ದರೆ ತಾರಸಿಯ ಬಲವೂ ಕುಂದುತ್ತದೆ. ರಸ್ತೆ ಮಾಡಿದ ಮೇಲೆ ನೀರಿನ ಕೊಳವೆಗಾಗಿ ಅದನ್ನೇ ಅಗೆಯುವುದೂ ಇದೇ ಜಾತಿಯ ಪೋಲು.

ಕೊನೆಯ ಯೋಜಕ ಪದ್ಧತಿ

ಲೀನ್ ನಿರ್ಮಾಣದ ಅತ್ಯಂತ ಬಳಕೆಯ ಸಾಧನವೆಂದರೆ ಬ್ಯಾಲರ್ಡ್ ಮತ್ತು ಹೋವೆಲ್ ರೂಪಿಸಿದ ‘ಲಾಸ್ಟ್ ಪ್ಲಾನರ್’ ಪದ್ಧತಿ. ಕೆಲಸ ಮಾಡಿಸುವ ಕಟ್ಟಕಡೆಯ ವ್ಯಕ್ತಿ, ಅಂದರೆ ಮೇಸ್ತ್ರಿ ಅಥವಾ ತಂಡದ ಮುಖ್ಯಸ್ಥ, ಇಲ್ಲಿ ‘ಕೊನೆಯ ಯೋಜಕ’. ಕಚೇರಿಯಲ್ಲಿ ತಯಾರಾದ ವೇಳಾಪಟ್ಟಿ ‘ಏನಾಗಬೇಕು’ ಎನ್ನುತ್ತದೆ. ‘ಏನಾಗಬಹುದು’ ಎಂಬುದು ಕೊನೆಯ ಯೋಜಕನಿಗೆ ಮಾತ್ರ ಗೊತ್ತಿರುತ್ತದೆ. ಇವೆರಡನ್ನು ಬೆರೆಸಿ ಅವನು ‘ಇದನ್ನು ಮಾಡುತ್ತೇನೆ’ ಎಂದು ಕೊಡುವ ಮಾತೇ ಆ ವಾರದ ಯೋಜನೆ. ಸಾಮಾನ್ಯವಾಗಿ ಆರು ವಾರ ಮುಂದಿನವರೆಗೆ ನೋಡಿ, ನಕ್ಷೆ ಬಂದಿದೆಯೇ, ಸಾಮಗ್ರಿ ಇದೆಯೇ, ಹಿಂದಿನ ಕೆಲಸ ಮುಗಿದಿದೆಯೇ, ಜನ ಸಿಗುತ್ತಾರೆಯೇ ಎಂದು ಪರಿಶೀಲಿಸಿ ಅಡಚಣೆಗಳನ್ನು ಮೊದಲೇ ನಿವಾರಿಸಲಾಗುತ್ತದೆ. ಅಡಚಣೆ ಬಾಕಿಯಿರುವ ಕೆಲಸವನ್ನು ವಾರದ ಪಟ್ಟಿಗೆ ಸೇರಿಸುವಂತಿಲ್ಲ.

ವಾರದ ಕೊನೆಯಲ್ಲಿ ಕೊಟ್ಟ ಮಾತುಗಳಲ್ಲಿ ಎಷ್ಟು ಪೂರ್ಣಗೊಂಡವು ಎಂದು ಶೇಕಡಾವಾರು ಲೆಕ್ಕ ಹಾಕುತ್ತಾರೆ. ಹತ್ತು ಕೆಲಸಗಳಲ್ಲಿ ಏಳು ಮುಗಿದಿದ್ದರೆ ಶೇ. 70. ಅರ್ಧ ಮುಗಿದ ಕೆಲಸಕ್ಕೆ ಅಂಕವಿಲ್ಲ, ಏಕೆಂದರೆ ಮುಂದಿನ ತಂಡ ಅದರ ಮೇಲೆ ಕೆಲಸ ಆರಂಭಿಸಲಾರದು. ಬ್ಯಾಲರ್ಡ್ ಮತ್ತು ಹೋವೆಲ್ ಆರಂಭದಲ್ಲಿ ಗಮನಿಸಿದ ಕಾಮಗಾರಿಗಳಲ್ಲಿ ಈ ಪ್ರಮಾಣ ಸುಮಾರು ಅರ್ಧದಷ್ಟು ಮಾತ್ರ ಇತ್ತು. ಈ ಅಂಕ ಯಾರನ್ನೂ ಬಯ್ಯುವುದಕ್ಕಲ್ಲ. ಮುಗಿಯದ ಮೂರು ಕೆಲಸಗಳ ಕಾರಣ ಬರೆದಿಟ್ಟು, ಅದೇ ಕಾರಣ ಮತ್ತೆ ಬರದಂತೆ ನೋಡಿಕೊಳ್ಳುವುದೇ ಉದ್ದೇಶ. ಅಂಕವನ್ನು ದಂಡನೆಗೆ ಬಳಸಿದ ಕಡೆ ಮೇಸ್ತ್ರಿಗಳು ಸುಲಭದ ಮಾತನ್ನಷ್ಟೇ ಕೊಡತೊಡಗುತ್ತಾರೆ. ಆಗ ಅಂಕ ಏರುತ್ತದೆ, ಕಟ್ಟಡ ಏರುವುದಿಲ್ಲ.

ಸಣ್ಣ ಕಾಮಗಾರಿಗೆ ಇದಕ್ಕೆ ತಂತ್ರಾಂಶ ಬೇಕಿಲ್ಲ. ಒಂದು ಕಪ್ಪು ಹಲಗೆ, ವಾರಕ್ಕೊಮ್ಮೆ ಅರ್ಧ ಗಂಟೆಯ ಮಾತುಕತೆ ಸಾಕು. ಕೂಲಿಯ ಬಟವಾಡೆಗಾಗಿ ತಂಡಗಳ ಮುಖ್ಯಸ್ಥರು ಹೇಗೂ ಒಟ್ಟು ಸೇರುವ ದಿನವೇ ಇದಕ್ಕೆ ಅನುಕೂಲ.

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಅನ್ವಯ

ತುಂಗಾ ತೀರದ ಶಿವಮೊಗ್ಗ ಮತ್ತು ಭದ್ರಾ ತೀರದ ಭದ್ರಾವತಿಗಳ ನಡುವೆ ಇರುವುದು ಸುಮಾರು 20 ಕಿ.ಮೀ. ಅಂತರ. ಇಲ್ಲಿನ ಕಟ್ಟಡ ಕೆಲಸದ ವೇಳಾಪಟ್ಟಿಯನ್ನು ನಿರ್ಧರಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು. ಮಳೆಯಲ್ಲಿ ಪಾಯದ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ, ಹೊಳೆಯ ಮರಳು ತೆಗೆಯಲಾಗುವುದಿಲ್ಲ, ಹಸಿ ಇಟ್ಟಿಗೆ ಒಣಗದೆ ಇಟ್ಟಿಗೆ ಗೂಡುಗಳು ನಿಲ್ಲುತ್ತವೆ. ಹಾಗಾಗಿ ಮೇ ಮುಗಿಯುವುದರೊಳಗೆ ತಾರಸಿ ಹಾಕಿ, ಮಳೆಗಾಲವನ್ನು ಒಳಗಿನ ಗಾರೆ, ವೈರಿಂಗ್ ಮತ್ತು ಮರದ ಕೆಲಸಕ್ಕೆ ಉಳಿಸಿಕೊಳ್ಳುವುದು ಲಾಭದಾಯಕ. ಅಂತಿಮ ದಿನದಿಂದ ಹಿಂದಕ್ಕೆ ಎಣಿಸುತ್ತ ಬರುವ ಈ ಕ್ರಮಕ್ಕೆ ಲೀನ್ ಪರಿಭಾಷೆಯಲ್ಲಿ ‘ಪುಲ್ ಪ್ಲಾನಿಂಗ್’ ಎಂಬ ಹೆಸರಿದೆ. ಮಲೆನಾಡಿನ ಮೇಸ್ತ್ರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ದಾಸ್ತಾನಿನ ವಿಷಯದಲ್ಲಿ ಮಾತ್ರ ಪುಸ್ತಕದ ಸೂತ್ರವನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ. ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿಗೆ ಎಂದೂ ತಪ್ಪದ ಪೂರೈಕೆ ಬೇಕು. ಜುಲೈನಲ್ಲಿ ಬೇಕಾಗುವ ಇಟ್ಟಿಗೆಯನ್ನು ಏಪ್ರಿಲ್‌ನಲ್ಲೇ ತಂದಿಡುವುದು ಮೇಲ್ನೋಟಕ್ಕೆ ಪೋಲು, ವಾಸ್ತವದಲ್ಲಿ ವಿಮೆ. ಸಿಮೆಂಟಿನ ಲೆಕ್ಕ ಇದಕ್ಕೆ ವಿರುದ್ಧ. ಅದು ಗಾಳಿಯ ತೇವ ಹೀರಿ ಬಲ ಕಳೆದುಕೊಳ್ಳುತ್ತದೆ. ಮೂರು ತಿಂಗಳಿಗಿಂತ ಹಳೆಯ ಸಿಮೆಂಟನ್ನು ಮರುಪರೀಕ್ಷೆಯಿಲ್ಲದೆ ಬಳಸಬಾರದು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ, ಹತ್ತು ಚೀಲಕ್ಕಿಂತ ಎತ್ತರವಾಗದಂತೆ ಜೋಡಿಸಬೇಕು. ಮಳೆಗಾಲದಲ್ಲಿ ಸಿಮೆಂಟನ್ನು ವಾರ ವಾರಕ್ಕೆ ಬೇಕಾದಷ್ಟೇ ತರಿಸುವುದು ಲೀನ್ ತತ್ತ್ವಕ್ಕೂ ಸಾಮಾನ್ಯ ಜ್ಞಾನಕ್ಕೂ ಒಪ್ಪುವಂಥದ್ದು.

ಕಾಯುವಿಕೆಯಲ್ಲೂ ಇಂಥದೇ ಭೇದವಿದೆ. ಎಲೆಕ್ಟ್ರಿಷಿಯನ್ನನಿಗಾಗಿ ಕಾಯುವುದು ಪೋಲು, ಕಾಂಕ್ರೀಟು ಬಲಿಯುವುದಕ್ಕಾಗಿ ಕಾಯುವುದು ಕೆಲಸದ ಭಾಗ. ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿ, ತಾಪಮಾನ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದಾಗ, 4.5 ಮೀಟರ್‌ವರೆಗಿನ ಅಗಲದ ತಾರಸಿಯ ಕೆಳಗಿನ ಆಸರೆ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿನ ಅಗಲಕ್ಕೆ 14 ದಿನ ತೆಗೆಯುವಂತಿಲ್ಲ. ಕ್ಯೂರಿಂಗ್‌ಗೆ ಸಾಮಾನ್ಯ ಸಿಮೆಂಟಿನಲ್ಲಿ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನಲ್ಲಿ ಕನಿಷ್ಠ 10 ದಿನ. ಈ ದಿನಗಳನ್ನು ಕತ್ತರಿಸಿ ‘ಲೀನ್’ ಎನ್ನುವುದು ಅಪಾಯಕಾರಿ. ಆ ಅವಧಿಯಲ್ಲಿ ತಂಡವನ್ನು ಕಟ್ಟಡದ ಬೇರೆ ಭಾಗದಲ್ಲೋ ಬೇರೆ ನಿವೇಶನದಲ್ಲೋ ತೊಡಗಿಸುವುದು ಯೋಜಕನ ಕೆಲಸ.

ಎರಡೂ ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಾಹನೋದ್ಯಮಕ್ಕೆ ಎರಕದ ಬಿಡಿಭಾಗ ಒದಗಿಸುವ ಫೌಂಡ್ರಿಗಳಿವೆ. ಲೀನ್ ವಿಚಾರಗಳು ಸಾಮಾನ್ಯವಾಗಿ ಮೊದಲು ತಲುಪುವುದು ವಾಹನೋದ್ಯಮದ ಇಂಥ ಪೂರೈಕೆದಾರರನ್ನು. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಆರಂಭಿಸಿದ ಲೀನ್ ಯೋಜನೆಯೂ ಮುಖ್ಯವಾಗಿ ತಯಾರಿಕಾ ಘಟಕಗಳತ್ತ ನೋಡುತ್ತದೆ. ಪೋಲನ್ನು ಹಣವಾಗಿಸುವ ಯತ್ನಕ್ಕೆ ಭದ್ರಾವತಿಯಲ್ಲಿ ಇನ್ನೂ ಹಳೆಯ ನಿದರ್ಶನವಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಕಟ್ಟಿಗೆಯಿಂದ ಇದ್ದಿಲು ಮಾಡುವಾಗ ಹೊರಬರುವ ಹಬೆಯನ್ನು ಬಟ್ಟಿಯಿಳಿಸಿ, ಮರದ ಆಲ್ಕೊಹಾಲ್, ಡಾಂಬರು ಮುಂತಾದವನ್ನು ಪಡೆಯುತ್ತಿತ್ತು. ಆ ವರ್ಷದಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಖರ್ಚು ತಗ್ಗಿಸಿ ನಷ್ಟದ ಕಾರ್ಖಾನೆಯನ್ನು ಸುಧಾರಿಸಿದರು. ಇದನ್ನು ಲೀನ್ ಎಂದು ಕರೆಯುವುದು ಕಾಲವಿಪರ್ಯಾಸವಾದೀತು.

ಮಿತಿಗಳು

ನಿವೇಶನದೊಳಗಿನ ಶಿಸ್ತು ನಿವೇಶನದ ಹೊರಗಿನ ಅಡಚಣೆಯನ್ನು ನೀಗಿಸುವುದಿಲ್ಲ. ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣದ ಯೋಜನೆಯು 2008ರ ಸುಮಾರಿಗೆ ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾಗಿ, ವರ್ಷಗಟ್ಟಲೆ ಸ್ಥಗಿತಗೊಂಡು, 2020ರಲ್ಲಿ ಮತ್ತೆ ಕೈಗೆತ್ತಿಕೊಂಡ ಬಳಿಕ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಗುತ್ತಿಗೆಯೇ ಕೈಗೂಡದಿದ್ದಾಗ ವಾರದ ಸಭೆಯಿಂದ ಪ್ರಯೋಜನ ಅಲ್ಪ. ಅತಿ ಕಡಿಮೆ ದರ ಕೂಗಿದವರಿಗೆ ಟೆಂಡರ್ ಕೊಡುವ ಪದ್ಧತಿಯಲ್ಲಿ, ವಿನ್ಯಾಸಕಾರ ಮತ್ತು ಗುತ್ತಿಗೆದಾರ ಮೊದಲಿನಿಂದಲೇ ಕೂಡಿ ಯೋಜಿಸಲು ಅವಕಾಶವೂ ಕಡಿಮೆ.

ದಿನಗೂಲಿಯವರ ದೃಷ್ಟಿಯಿಂದಲೂ ಆಕ್ಷೇಪಗಳಿವೆ. ಉಳಿಸಿದ ಸಮಯದ ಲಾಭ ಮಾಲೀಕನಿಗೆ, ಹೆಚ್ಚಿದ ದುಡಿತ ಕಾರ್ಮಿಕನಿಗೆ ಎಂಬುದು ಕಾರ್ಖಾನೆಗಳ ಕಾಲದಿಂದಲೂ ಕೇಳಿಬಂದಿರುವ ಟೀಕೆ. ಸಾಮಗ್ರಿ ಬಾರದ ದಿನ ಕೆಲಸಗಾರರನ್ನು ಕೂಲಿಯಿಲ್ಲದೆ ಹಿಂದಕ್ಕೆ ಕಳುಹಿಸುವ ಕಡೆ, ಕಾಯುವಿಕೆಯ ನಷ್ಟ ಗುತ್ತಿಗೆದಾರನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಅದನ್ನು ತಗ್ಗಿಸುವ ಒತ್ತಡವೂ ಅವನ ಮೇಲಿರುವುದಿಲ್ಲ. ಆ ದಿನದ ಕೂಲಿಯನ್ನು ಗುತ್ತಿಗೆದಾರನೇ ಭರಿಸಬೇಕಾದ ಕಡೆ, ಸಾಮಗ್ರಿ ಬಂದಿದೆಯೇ ಎಂದು ಅವನು ಹಿಂದಿನ ಸಂಜೆಯೇ ವಿಚಾರಿಸುತ್ತಾನೆ.