ಇಂಡಿಫರೆಂಟ್ ಎಂಬ ಪದ

ಉದ್ದವಾದ ಇಂಗ್ಲಿಷ್ ಪದವೊಂದು ಎದುರಾದಾಗ ನಾವು ನಿಘಂಟನ್ನು ತೆರೆಯುತ್ತೇವೆ. ಗೊತ್ತಿರುವಂತೆ ತೋರುವ ಪದ ಎದುರಾದಾಗ ತೆರೆಯುವುದಿಲ್ಲ. ಮೋಸ ಹೋಗುವುದು ಅಲ್ಲಿಯೇ. ‘ಇಂಡಿಫರೆಂಟ್’ ಎಂಬ ಗುಣವಾಚಕವು ಅಂಥ ಪದಗಳಲ್ಲೊಂದು. ‘ಡಿಫರೆಂಟ್’ ಎಂದರೆ ಬೇರೆಯಾದ. ‘ಇನ್’ ಎಂಬುದು ನಿಷೇಧಸೂಚಕ. ಹಾಗಾದರೆ ‘ಇಂಡಿಫರೆಂಟ್’ ಎಂದರೆ ‘ಬೇರೆಯಲ್ಲದ, ಒಂದೇ ತೆರನಾದ’ ಎಂದಾಗಬೇಕಲ್ಲವೇ? ಆದರೆ ಇಂದಿನ ಇಂಗ್ಲಿಷಿನಲ್ಲಿ ಅದರ ಮುಖ್ಯಾರ್ಥ ‘ಆದರೂ ಸರಿ, ಆಗದಿದ್ದರೂ ಸರಿ ಎಂದು ಆಸಕ್ತಿಯಿಲ್ಲದೆ ಇರುವ’ ಎಂದು.

ನಿಮ್ಮ ಊಹೆ ಪೂರ್ತಿಯಾಗಿ ತಪ್ಪೆಂದು ನಾನು ಹೇಳಲಾರೆ. ಲ್ಯಾಟಿನ್ ಮೂಲದ ಈ ಪದಕ್ಕೆ ಮೊದಲಿಗೆ ‘ಭೇದವೆಣಿಸದ’ ಎಂಬ ಅರ್ಥವೇ ಇತ್ತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಇಂಡಿಫರೆಂಟ್’ ನ್ಯಾಯಾಧೀಶನೆಂದರೆ ಎರಡು ಪಕ್ಷಗಳನ್ನೂ ಸಮನಾಗಿ ಕಾಣುವವನು. ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕದಲ್ಲಿ ಅಧಿಕಾರಸ್ಥರು ‘ಇಂಡಿಫರೆಂಟ್ಲಿ’ ನ್ಯಾಯ ನೀಡಲೆಂಬ ಬೇಡಿಕೆಯಿದೆ. ಇಂದಿನ ಓದುಗನಿಗೆ ಅದು ‘ಅಸಡ್ಡೆಯಿಂದ ನ್ಯಾಯ ನೀಡಲಿ’ ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ. ಇವನೂ ಸರಿ, ಅವನೂ ಸರಿ ಎಂದು ಸಮನಾಗಿ ನೋಡಿದವನು ಕಾಲಕ್ರಮದಲ್ಲಿ ಇಬ್ಬರನ್ನೂ ನೋಡದವನಾಗಿಬಿಟ್ಟನು!

ಈ ಪದಕ್ಕೆ ಮೂರನೆಯ ಅರ್ಥವೊಂದಿದೆ. ಅದನ್ನು ತಿಳಿಯದಿದ್ದರೆ ಆಗುವ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ವಿಜಯಪುರ ಜಿಲ್ಲೆಯ ಮುಳವಾಡದಲ್ಲಿದ್ದ ದಿನಗಳಲ್ಲಿ, ಪರಊರಿನ ಶಾಲೆಯೊಂದರಲ್ಲಿ ಓದುತ್ತಿದ್ದ ರೈತನ ಮಗನೊಬ್ಬನ ಪ್ರಗತಿಪತ್ರ ಮನೆಗೆ ಬಂದಿತು. ಹಾಜರಿ ಕ್ರಮವಾಗಿದೆಯೆಂದು ಬರೆದು, ಪ್ರಗತಿಯ ಎದುರಿಗೆ ‘ಇಂಡಿಫರೆಂಟ್’ ಎಂಬ ಒಂದೇ ಮಾತನ್ನು ಬರೆದಿದ್ದರು. ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲ ನೆರೆಯವರು ಅದನ್ನು ‘ಹುಡುಗನಿಗೆ ಓದಿನ ಮೇಲೆ ಲಕ್ಷ್ಯವಿಲ್ಲ’ ಎಂದು ಬಿಡಿಸಿ ಹೇಳಿದರು. ತಂದೆ ಅಂದೇ ಮಗನನ್ನು ಶಾಲೆ ಬಿಡಿಸಿ ಎತ್ತಿನ ಹಿಂದೆ ಕಳುಹಿಸಿದನು. ಎಂಟು ದಿನಗಳ ಮೇಲೆ ಆ ಕಾಗದ ನನ್ನ ಕೈಗೆ ಬಂದಿತು. ಅಲ್ಲಿ ಆ ಪದಕ್ಕೆ ‘ಒಳ್ಳೆಯದೂ ಅಲ್ಲ, ತೀರ ಕೆಟ್ಟದ್ದೂ ಅಲ್ಲ; ಸಾಧಾರಣ’ ಎಂಬ ಅರ್ಥವಿತ್ತು. ಅದು ಹುಡುಗನ ಮನಸ್ಸನ್ನು ಕುರಿತ ಮಾತಲ್ಲ, ಅವನ ಅಂಕಗಳನ್ನು ಕುರಿತ ಮಾತು. ಇಷ್ಟನ್ನು ಮನಗಾಣಿಸಲು ಒಂದು ಇಡೀ ಸಂಜೆ ಬೇಕಾಯಿತು. ಹುಡುಗ ಮತ್ತೆ ಶಾಲೆಗೆ ಹೋದನು.

ಆ ಸಂಜೆ ನನ್ನ ನೆರವಿಗೆ ಬಂದದ್ದು ಇಂಗ್ಲಿಷ್ ನಿಘಂಟಲ್ಲ, ಅವರದೇ ಮಾತು. “ಈ ಸಲ ಜ್ವಾಳ ಹ್ಯಾಂಗದಾವ?” ಎಂದರೆ “ಪರವಾ ಇಲ್ರಿ” ಎನ್ನುವುದು ಅಲ್ಲಿಯ ರೂಢಿ. ‘ಪರ್ವಾ’ ಎಂಬುದು ಫಾರಸಿ ಪದ. ಕಾಳಜಿ, ಚಿಂತೆ ಎಂದು ಅದರ ಅರ್ಥ. 1490ರಿಂದ 1686ರವರೆಗೆ ಆದಿಲ್‌ಶಾಹಿ ಅರಸರ ಆಳ್ವಿಕೆಯಲ್ಲಿದ್ದ ವಿಜಯಪುರದ ಸೀಮೆಯಲ್ಲಿ ಇಂಥ ಪದಗಳು ಹೇರಳವಾಗಿವೆ. ಚಿಂತೆಯಿಲ್ಲದವನು ‘ಬೇಪರ್ವಾ’ ಮನುಷ್ಯ. ಚಿಂತಿಸಬೇಕಾಗಿಲ್ಲದಷ್ಟು ಬಂದ ಬೆಳೆ ‘ಪರವಾ ಇಲ್ಲ’. ಕರ್ನಾಟಕದ ಇತರ ಭಾಗಗಳಲ್ಲಿ ಇದೇ ‘ಪರವಾಗಿಲ್ಲ’ ಎಂದಾಗಿದೆ. ಕಾಳಜಿಯಿಲ್ಲ ಎಂಬ ಮಾತು ‘ಸಾಧಾರಣ’ ಎಂಬ ಅರ್ಥಕ್ಕೆ ತಿರುಗಿದುದು ಇಂಗ್ಲಿಷಿನಲ್ಲಿ ಮಾತ್ರವಲ್ಲ, ನಮ್ಮಲ್ಲಿಯೂ ಹೌದು. ಒಂದು ಭೇದವನ್ನು ಮಾತ್ರ ಗಮನಿಸಿರಿ. ನಮ್ಮ ‘ಪರವಾಗಿಲ್ಲ’ ಒಳ್ಳೆಯದರ ಕಡೆಗೆ ವಾಲುತ್ತದೆ. ಅವರ ‘ಇಂಡಿಫರೆಂಟ್’ ಕೆಟ್ಟದ್ದರ ಕಡೆಗೆ. ‘ಇಂಡಿಫರೆಂಟ್’ ಅಡುಗೆಯೆಂದರೆ ಎರಡನೆಯ ಸಲ ಬಡಿಸಿಕೊಳ್ಳಲು ಮನಸ್ಸಾಗದ ಅಡುಗೆ.

ಮುಖ್ಯಾರ್ಥಕ್ಕೆ ನಾವು ಸಾಮಾನ್ಯವಾಗಿ ಬಳಸುವ ಕನ್ನಡ ಪದ ‘ಉದಾಸೀನ’. ಇದರ ಕಥೆಯೂ ಸ್ವಾರಸ್ಯವಾದುದೇ. ಸಂಸ್ಕೃತದಲ್ಲಿ ಇದರ ಅರ್ಥ ಆಚೆಗೆ, ಪ್ರತ್ಯೇಕವಾಗಿ ಕುಳಿತವನು ಎಂದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಉದಾಸೀನ’ ನೆಂದರೆ ಹೋರಾಡುವ ರಾಜರ ಗುಂಪಿನಿಂದ ಹೊರಗಿರುವ, ಅವರೆಲ್ಲರಿಗಿಂತ ಬಲಶಾಲಿಯಾದ ಅರಸ. ಅಂಥ ಘನತೆಯ ಪದ ಕನ್ನಡದಲ್ಲಿ ‘ಅಲಕ್ಷ್ಯ’ವಾಯಿತು, ದಕ್ಷಿಣ ಕನ್ನಡದ ಮನೆಮಾತಿನಲ್ಲಿ ಇನ್ನೂ ಇಳಿದು ‘ಸೋಮಾರಿತನ’ವಾಯಿತು. ಸಮದೃಷ್ಟಿಯನ್ನು ಹೇಳುವ ಪದಗಳು ಎರಡು ಭಾಷೆಗಳಲ್ಲಿಯೂ ಅಸಡ್ಡೆಗೆ ಜಾರಿದವೆಂದರೆ, ದೂರ ನಿಂತವರನ್ನು ಜನ ಬಹುಕಾಲ ನಂಬಲಿಲ್ಲವೆಂದೇ ನನಗೆ ತೋರುತ್ತದೆ.

ಆದ್ದರಿಂದ ಅನುವಾದ ಮಾಡುವಾಗ ಸಂದರ್ಭವನ್ನು ನೋಡಿ ಪದವನ್ನು ಆರಿಸಬೇಕು. ನೋಡಿಯೂ ನೋಡದಂತಿರುವುದು ಉಪೇಕ್ಷೆ. ಮಾಡಬೇಕಾದುದನ್ನು ಮನಸ್ಸಿಟ್ಟು ಮಾಡದಿರುವುದು ಅಸಡ್ಡೆ. ಇದು ‘ಅಶ್ರದ್ಧೆ’ಯ ತದ್ಭವ. ಎದುರಿನವರನ್ನು ಕೀಳಾಗಿ ಕಾಣುವುದು ತಾತ್ಸಾರ. ‘ತಟಸ್ಥ’ನೆಂದರೆ ದಡದಲ್ಲಿ ನಿಂತವನು, ಹೊಳೆಗೆ ಇಳಿಯದವನು. ಇವೆಲ್ಲಕ್ಕೂ ಇಂಗ್ಲಿಷಿನವನು ‘ಇಂಡಿಫರೆಂಟ್’ ಎಂದು ಬರೆದಾನು; ಕನ್ನಡದವನು ಹಾಗೆ ಒಂದೇ ಪದವನ್ನು ಎಲ್ಲಕ್ಕೂ ಹಚ್ಚಬಾರದು.

ಇಂಗ್ಲಿಷಿನಲ್ಲಿ ವಾಕ್ಯ ರಚಿಸುವಾಗ ಈ ಪದದ ಮುಂದೆ ಸಾಮಾನ್ಯವಾಗಿ ‘ಟು’ ಬರುತ್ತದೆಂಬುದನ್ನು ನೆನಪಿಡಿರಿ: ‘ಇಂಡಿಫರೆಂಟ್ ಟು ಪ್ರೇಸ್’, ಅಂದರೆ ಹೊಗಳಿಕೆಗೆ ಮನಗೊಡದ. ಇನ್ನು ನಿಷ್ಪಕ್ಷಪಾತಿಯಾದ ನ್ಯಾಯಾಧೀಶನನ್ನು ಇಂದು ‘ಇಂಪಾರ್ಷಿಯಲ್’ ಅಥವಾ ‘ಡಿಸ್‌ಇಂಟರೆಸ್ಟೆಡ್’ ಎನ್ನುತ್ತಾರೆ. ಈ ಎರಡನೆಯ ಪದವನ್ನೂ ಈಗ ಅನೇಕರು ‘ಆಸಕ್ತಿಯಿಲ್ಲದ’ ಎಂಬ ಅರ್ಥದಲ್ಲಿ ಬಳಸತೊಡಗಿದ್ದಾರೆ.