ಮೇಜಿನ ಮೇಲೆ ಮಲಗಿದ ಟಿ.ವಿ.!

ಒಬ್ಬ ಕತೆ ನಡೆಸ್ತಾನೆ. ಉಳಿದವರು ಪಾತ್ರಗಳಾಗಿ ದಾಳ ಉರುಳಿಸ್ತಾರೆ. ಇದು ಅಮೆರಿಕದಲ್ಲಿ 1974ರಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ. ಗವಿ, ಕೋಟೆಗಳ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆಯೋದು ಹಳೇ ರೂಢಿ. ಬರೆಯುವಷ್ಟು ಹೊತ್ತೂ ಆಟಕ್ಕೆ ತಡೆ!

ದೂರದೂರಿನವರು ಕೂಡಿ ಆಡಲೆಂದು 2012ರಲ್ಲಿ 'ರೋಲ್20', 2020ರಲ್ಲಿ 'ಫೌಂಡ್ರಿ' ಎಂಬ ಕಂಪ್ಯೂಟರ್ ತಂತ್ರಾಂಶಗಳು ಬಂದವು. ಈಗ ಒಂದೇ ಕೋಣೆಯಲ್ಲಿ ಕೂತವರಿಗೂ ಇವು ಒದಗುತ್ತಿವೆ. ಟಿ.ವಿ.ಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಲ್ಯಾಪ್‌ಟಾಪ್ ಜೋಡಿಸಿದರಾಯ್ತು. ಬಾಗಿಲು ತೆರೆಯೋ ತನಕ ಮುಂದಿನ ಕೋಣೆ ಕಗ್ಗತ್ತಲು. ಪಂಜು ಹಿಡಿದವನ ಸುತ್ತ ಮಾತ್ರ ಬೆಳಕು! ಫೌಂಡ್ರಿಯನ್ನು ಆಟ ನಡೆಸುವವನೊಬ್ಬ ಕೊಂಡರೆ ಸಾಕು.

ಆದರೆ ಒಬ್ಬೊಬ್ಬರೂ ತಂತಮ್ಮ ಪರದೆಗೆ ಕಣ್ಣು ನೆಟ್ಟರೆ, ಒಂದೇ ಮೇಜಿಗೆ ಬಂದು ಕೂತ ಸುಖವೇನು? ನಕ್ಷೆ, ಕತ್ತಲು ಟಿ.ವಿ.ಗಿರಲಿ. ಇಪ್ಪತ್ತು ಮುಖದ ದಾಳ ಮಾತ್ರ ಕೈಯಿಂದಲೇ ಉರುಳಲಿ. ಅದು ನಿಲ್ಲೋವರೆಗೆ ಎಲ್ಲರೂ ಉಸಿರು ಬಿಗಿಹಿಡೀತಾರಲ್ಲ, ಆಟ ಇರೋದೇ ಅಲ್ಲಿ!