ನಿಮಗಿದು ಗೊತ್ತೆ? ಬಂದರಿನ 11ನೇ ಸಿಗ್ನಲ್ ಎಂದರೆ ‘ಸಂಪರ್ಕ ಕಡಿದಿದೆ’!

ಚಂಡಮಾರುತದ ಮುನ್ಸೂಚನೆಗೆ ಬಂದರುಗಳಲ್ಲಿ ಏರಿಸುವ ಸಿಗ್ನಲ್‌ಗಳಲ್ಲಿ ಕೊನೆಯದು 11. ಅತಿ ಭೀಕರ ಗಾಳಿಗೆ ಅದೇ ಗುರುತು ಎಂದುಕೊಂಡರೆ ತಪ್ಪು. ಮಹಾ ಅಪಾಯದ ಲೆಕ್ಕ 10ಕ್ಕೇ ಮುಗಿಯುತ್ತದೆ. ಹವಾಮಾನ ಎಚ್ಚರಿಕೆ ಕೇಂದ್ರದ ಜೊತೆ ಸಂಪರ್ಕ ಕಡಿದುಹೋಗಿ, ಹವೆ ಕೆಡಲಿದೆ ಎಂದು ಸ್ಥಳೀಯ ಅಧಿಕಾರಿಗೆ ಅನ್ನಿಸಿದಾಗ ಏರಿಸುವುದು 11.

ಹಗಲಲ್ಲಾದರೆ ಕಂಬಕ್ಕೆ ಶಂಕು, ಪೀಪಾಯಿ ಆಕಾರಗಳು. ರಾತ್ರಿ ಕೆಂಪು, ಬಿಳಿ ದೀಪಗಳು.

ಭಾರತದಲ್ಲಿ ಬಂದರು ಎಚ್ಚರಿಕೆ ಶುರುವಾದದ್ದು 1865ರಲ್ಲಿ, ಕಲ್ಕತ್ತದಲ್ಲಿ. ಅದರ ಹಿಂದಿನ ವರ್ಷವಷ್ಟೇ ಚಂಡಮಾರುತ ಆ ಊರನ್ನು ಧ್ವಂಸ ಮಾಡಿತ್ತು. ಮೊಬೈಲ್ ಬಂದರೂ ಈ ಪದ್ಧತಿ ಇನ್ನೂ ಉಳಿದಿದೆ ಎಂಬುದೇ ಸೋಜಿಗ.

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಯ ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆದರೆ ನಿಷೇಧ ಮುಗಿಯಿತೆಂದು ನಿರಾಳವಾಗುವಂತಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಅರಬ್ಬಿ ಸಮುದ್ರ ಮತ್ತೆ ಕೆರಳುತ್ತದೆ. 2019ರ ಅಕ್ಟೋಬರ್‌ನಲ್ಲಿ ‘ಕ್ಯಾರ್’ ಚಂಡಮಾರುತ ಎದ್ದಾಗ ಹೊರರಾಜ್ಯಗಳ ದೋಣಿಗಳೂ ಕಾರವಾರ ಬಂದರಿಗೆ ಬಂದು ಲಂಗರು ಹಾಕಿದ್ದವು. 2007ರ ‘ಗೋನು’ ನಂತರ ಈ ಕಡಲು ಕಂಡ ಮೊದಲ ಸೂಪರ್ ಸೈಕ್ಲೋನ್ ಅದು. ಕ್ಯಾರ್ ನೆಲ ಮುಟ್ಟದೆ ಪಶ್ಚಿಮಕ್ಕೆ ತಿರುಗಿತು. ಅದು ಪೂರ್ತಿ ಅಡಗುವ ಮುನ್ನವೇ ‘ಮಹಾ’ ಹುಟ್ಟಿತ್ತು!

ಹೆಬ್ಬೆ, ತರೀಕೆರೆ, ಕಡೂರು ಕಡೆಯಿಂದ ದಸರಾ ರಜೆಗೆ ಘಟ್ಟ ಇಳಿದು ಕಡಲು ನೋಡಲು ಹೊರಟವರು ಬಂದರಿನ 3ನೇ ಸಿಗ್ನಲನ್ನು ನೆನಪಿಟ್ಟುಕೊಳ್ಳಿ. ಅದನ್ನು ಏರಿಸಿದ ಬಂದರಿಗೇ ಬಿರುಗಾಳಿಯ ಭೀತಿ ಇದೆ ಎಂದು ಅದರ ಅರ್ಥ. ಅಂದು ನೀರಿಗಿಳಿಯಬೇಡಿ.